ನಾಲ್ವರಲ್ಲಿ ಒಬ್ಬನೇ ದುಡಿದಾಗ



ಕಳೆದ ತಿಂಗಳು ನಾನೊಂದು ತಪ್ಪು ಮಾಡಿದೆ. ಅದನ್ನು ಒಪ್ಪಿಕೊಳ್ಳುವ ನೆಪದಲ್ಲಿ ಒಂದಿಷ್ಟು ಇತಿಹಾಸವನ್ನೂ ಹೇಳಬೇಕೆಂದಿದ್ದೇನೆ.

ನುಡಿಯಲ್ಲಿ ಬೆರಳಚ್ಚಿಸಿಟ್ಟಿದ್ದ ನನ್ನ ಹಳೆಯ ಪಾಠಟಿಪ್ಪಣಿಗಳನ್ನೆಲ್ಲ ಯೂನಿಕೋಡಿಗೆ ಪರಿವರ್ತಿಸುವ ಕೆಲಸ ಹಿಡಿದಿದ್ದೆ. ಯಾರೋ ಕೊಟ್ಟಿದ್ದ ಪುಟ್ಟ ತಂತ್ರಾಂಶವೊಂದು ಕಡತಗಳನ್ನು ಒಂದಾದ ಮೇಲೊಂದರಂತೆ ಪರಿವರ್ತಿಸುತ್ತಿತ್ತು. ಕೆಲಸ ಆಮೆಯ ನಡಿಗೆಯಲ್ಲಿ ಸಾಗಿತ್ತು. ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದರೆ ಸಂಸ್ಕಾರಕದ ಬಳಕೆ ಶೇಕಡಾ 25ರ ಆಸುಪಾಸಿನಲ್ಲೇ ನಿಂತಿದೆ! ನಾಲ್ಕು ಕೋರ್‌ಗಳ ಲ್ಯಾಪ್‌ಟಾಪ್ ಎಂದು ಹಣ ತೆತ್ತಿದ್ದೆ. ಮಾರಿದವನು ನನ್ನ ಹಳೆಯ ವಿದ್ಯಾರ್ಥಿಯೇ. ನಾಲ್ವರ ಕೂಲಿ ಪಡೆದು ಒಬ್ಬನನ್ನು ಕಳುಹಿಸಿದ್ದಾನೆ ಎನಿಸಿತು. ಅಂಗಡಿಗೆ ಹೋಗಿ, ಗಿರಾಕಿಗಳ ಎದುರಿಗೇ ಆಡಬಾರದ ಮಾತನ್ನು ಆಡಿಬಿಟ್ಟೆ.

ಅವನು ಎದುರಾಡಲಿಲ್ಲ. ಲ್ಯಾಪ್‌ಟಾಪ್ ತೆಗೆದುಕೊಂಡು ಒಂದೊಂದಾಗಿ ಪರೀಕ್ಷಿಸಿದ. ಟಾಸ್ಕ್ ಮ್ಯಾನೇಜರಿನಲ್ಲಿ ನಾಲ್ಕು ಕೋರ್‌ಗಳೂ ಕಾಣುತ್ತಿದ್ದವು. ‘ಎಂಎಸ್‌ಕಾನ್ಫಿಗ್’ನ ಬೂಟ್ ವಿಭಾಗದಲ್ಲಿ ಸಂಸ್ಕಾರಕಗಳ ಸಂಖ್ಯೆಗೆ ಮಿತಿ ಹಾಕುವ ಗುರುತು ಇರಲಿಲ್ಲ. (ವೇಗ ಹೆಚ್ಚುತ್ತದೆಂದು ತಿಳಿದು ಕೆಲವರು ಅದನ್ನು ಗುರುತು ಮಾಡುತ್ತಾರೆ. ಅದು ಮಿತಿ ಹಾಕುವುದೇ ಹೊರತು ವೇಗ ಕೊಡುವುದಿಲ್ಲ.) ವಿದ್ಯುತ್ ಉಳಿತಾಯದ ಕ್ರಮವೂ ಜಾರಿಯಲ್ಲಿರಲಿಲ್ಲ, ಯಂತ್ರ ಅತಿಯಾಗಿ ಕಾದಿರಲೂ ಇಲ್ಲ. ಕೊನೆಗೆ ಮೆಲ್ಲಗೆ ಹೇಳಿದ: “ಸಾರ್, ನೂರನ್ನು ನಾಲ್ಕರಿಂದ ಭಾಗಿಸಿದರೆ ಇಪ್ಪತ್ತೈದು ತಾನೆ? ಒಂದು ಕೋರಿಗೆ ಸಮನಾದ ಕೆಲಸ ಪೂರ್ತಿ ನಡೀತಿದೆ. ಈ ತಂತ್ರಾಂಶಕ್ಕೆ ಕೆಲಸ ಹಂಚೋಕೆ ಬರೋಲ್ಲ, ಅಷ್ಟೆ.”

ನಾನು ನಾಚಿದೆ. ಆದರೆ ಇತಿಹಾಸ ಬೋಧಿಸಿದವನಿಗೆ ‘ಹೀಗೇಕಾಯಿತು’ ಎಂಬ ಪ್ರಶ್ನೆ ಬಿಡುವುದಿಲ್ಲ. ಹಂಚಲು ಬಾರದಿದ್ದರೆ ನಾಲ್ಕು ಕೋರ್‌ಗಳನ್ನು ಇಟ್ಟುದಾದರೂ ಏಕೆ?

1971ರಲ್ಲಿ ಬಂದ ಇಂಟೆಲ್ 4004 ಸಂಸ್ಕಾರಕದಲ್ಲಿ ಇದ್ದುದು ಸುಮಾರು 2,300 ಟ್ರಾನ್ಸಿಸ್ಟರ್‌ಗಳು. 1974ರಲ್ಲಿ ಐಬಿಎಂ ಸಂಸ್ಥೆಯ ರಾಬರ್ಟ್ ಡೆನಾರ್ಡ್ ಮತ್ತು ಸಂಗಡಿಗರು ಒಂದು ಮಹತ್ತ್ವದ ಸಂಗತಿಯನ್ನು ತೋರಿಸಿದರು: ಟ್ರಾನ್ಸಿಸ್ಟರ್ ಕಿರಿದಾದಂತೆ ವೋಲ್ಟೇಜನ್ನೂ ತಗ್ಗಿಸಬಹುದು, ಆದ್ದರಿಂದ ಅಷ್ಟೇ ಜಾಗದಲ್ಲಿ ಹೆಚ್ಚು ಟ್ರಾನ್ಸಿಸ್ಟರ್‌ಗಳು ಹೆಚ್ಚು ವೇಗದಿಂದ ದುಡಿದರೂ ಶಾಖ ಏರುವುದಿಲ್ಲ. ಮೂರು ದಶಕಗಳ ಓಟಕ್ಕೆ ಇದೇ ಆಧಾರ. 1981ರ ಐಬಿಎಂ ಪಿಸಿಯ ವೇಗ 4.77 ಮೆಗಾಹರ್ಟ್ಸ್, 2000ದಲ್ಲಿ ಅದು 1 ಗಿಗಾಹರ್ಟ್ಸ್ ತಲುಪಿತು. ತಂತ್ರಾಂಶ ಬರೆದವರು ಏನೂ ಮಾಡಬೇಕಿರಲಿಲ್ಲ. ಹೊಸ ಯಂತ್ರ ಬಂದೊಡನೆ ಹಳೆಯ ತಂತ್ರಾಂಶ ತಾನಾಗಿ ಚುರುಕಾಗುತ್ತಿತ್ತು.

ಆಮೇಲೆ ಆ ನಿಯಮ ಕೈಕೊಟ್ಟಿತು. ಟ್ರಾನ್ಸಿಸ್ಟರ್‌ಗಳು ತೀರ ಕಿರಿದಾದಾಗ ವಿದ್ಯುತ್ ಸೋರಿಕೆ ಹೆಚ್ಚಿತು, ವೋಲ್ಟೇಜನ್ನು ಇನ್ನಷ್ಟು ತಗ್ಗಿಸಲಾಗಲಿಲ್ಲ, ಶಾಖ ಮಿತಿಮೀರಿತು. 2004ರಲ್ಲಿ 3.8 ಗಿಗಾಹರ್ಟ್ಸ್ ತಲುಪಿದ ಪೆಂಟಿಯಂ 4ರ ಮುಂದಿನ ಹೆಜ್ಜೆಯಾದ 4 ಗಿಗಾಹರ್ಟ್ಸ್ ಮಾದರಿಯನ್ನು ಇಂಟೆಲ್ ಅದೇ ವರ್ಷ ಕೈಬಿಟ್ಟಿತು. ಒಬ್ಬನನ್ನು ಇನ್ನೂ ವೇಗವಾಗಿ ಓಡಿಸಲಾಗದಿದ್ದರೆ ಇಬ್ಬರನ್ನು ನೇಮಿಸುವುದು! ಐಬಿಎಂ 2001ರಲ್ಲೇ ಪವರ್ 4 ಎಂಬ ಎರಡು ಕೋರ್‌ಗಳ ಸಂಸ್ಕಾರಕವನ್ನು ತಂದಿತ್ತು. 2005ರಲ್ಲಿ ಇಂಟೆಲ್ ಮತ್ತು ಎಎಂಡಿ ಮೇಜಿನ ಗಣಕಗಳಿಗೂ ಅದನ್ನು ತಂದವು. 2006ರ ಆರಂಭದಲ್ಲಿ ಕೋರ್ ಡ್ಯುವೊ ಲ್ಯಾಪ್‌ಟಾಪನ್ನು ಪ್ರವೇಶಿಸಿತು.

ಆದರೆ ಇದರ ಮಿತಿಯನ್ನು ಜೀನ್ ಆಮ್ಡಾಲ್ 1967ರಲ್ಲೇ ಎಚ್ಚರಿಸಿದ್ದರು. ನಮ್ಮ ಶಾಲೆಯ ಸ್ವಾತಂತ್ರ್ಯ ದಿನಾಚರಣೆಯನ್ನು ನೆನಪಿಸಿಕೊಳ್ಳಿ. ಅಂಗಳ ಗುಡಿಸುವ ಕೆಲಸವನ್ನು ನಲವತ್ತು ಮಂದಿಗೆ ಹಂಚಬಹುದಿತ್ತು. ಧ್ವಜದ ಹಗ್ಗವನ್ನು ಎಳೆಯುವವನು ಮಾತ್ರ ಒಬ್ಬನೇ. ನೂರು ನಿಮಿಷದ ಕೆಲಸದಲ್ಲಿ ಇಪ್ಪತ್ತು ನಿಮಿಷದ ಭಾಗವನ್ನು ಹಂಚಲು ಬಾರದೆನ್ನಿ. ಉಳಿದ ಎಂಬತ್ತನ್ನು ನಾಲ್ವರು ಹಂಚಿಕೊಂಡರೆ ಅದು ಇಪ್ಪತ್ತು ನಿಮಿಷ, ಒಟ್ಟು ನಲವತ್ತು. ಸಾವಿರ ಮಂದಿ ಬಂದರೂ ಇಪ್ಪತ್ತಕ್ಕಿಂತ ಕೆಳಗೆ ಇಳಿಯದು.

ಹಂಚಲು ಒಗ್ಗುವ ಕೆಲಸ ಸಿಕ್ಕರೆ ಫಲವೇ ಬೇರೆ. 1986ರಲ್ಲಿ ಬೆಂಗಳೂರಿನ ಎನ್‌ಎಎಲ್ ಸಂಸ್ಥೆಯ ವಿಜ್ಞಾನಿಗಳು ಹಲವು ಸಂಸ್ಕಾರಕಗಳನ್ನು ಜೋಡಿಸಿ ‘ಫ್ಲೋಸಾಲ್ವರ್’ ಎಂಬ ಸಮಾಂತರ ಗಣಕವನ್ನು ನಿರ್ಮಿಸಿದರು. ಗಾಳಿಯ ಹರಿವಿನ ಲೆಕ್ಕಗಳನ್ನು ವಲಯ ವಲಯವಾಗಿ ಪಾಲು ಮಾಡಿ, ಏಕಕಾಲಕ್ಕೆ ಬಿಡಿಸಬಹುದು. ಅಲ್ಲಿ ಯಂತ್ರವಷ್ಟೇ ಅಲ್ಲ, ಕೆಲಸವನ್ನು ಪಾಲು ಮಾಡಿಕೊಟ್ಟ ಮನುಷ್ಯನ ಬುದ್ಧಿಯೂ ದುಡಿದಿತ್ತು.

ನನ್ನ ಶಿಷ್ಯನೂ ಅದನ್ನೇ ಮಾಡಿದ. ನನ್ನ ಕಡತಗಳನ್ನು ನಾಲ್ಕು ಫೋಲ್ಡರ್‌ಗಳಿಗೆ ಹಂಚಿ, ಅದೇ ತಂತ್ರಾಂಶವನ್ನು ನಾಲ್ಕು ಕಿಟಕಿಗಳಲ್ಲಿ ಏಕಕಾಲಕ್ಕೆ ಓಡಿಸಿದ. ಬಳಕೆ ಶೇಕಡಾ ನೂರರ ಹತ್ತಿರಕ್ಕೆ ಏರಿತು, ಫ್ಯಾನು ಸದ್ದು ಮಾಡತೊಡಗಿತು. ದಿನಗಟ್ಟಲೆ ಎಳೆಯುತ್ತಿದ್ದ ಕೆಲಸ ಅಂದು ಸಂಜೆಯೊಳಗೆ ಮುಗಿಯಿತು. ಸುಮ್ಮನಿದ್ದ ಮೂವರು ಸೋಮಾರಿಗಳಾಗಿರಲಿಲ್ಲ. ಅವರಿಗೆ ಯಾರೂ ಕೆಲಸ ಕೊಟ್ಟಿರಲಿಲ್ಲ.

ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕುಳಿತಿರುತ್ತಿದ್ದ ಹುಡುಗರನ್ನು ‘ಸೋಮಾರಿಗಳು’ ಎಂದು ಎಷ್ಟೋ ಬಾರಿ ಗದರಿಸಿದ್ದೇನೆ. ಅವರಿಗೆ ಒಗ್ಗುವ ಕೆಲಸವನ್ನು ನಾನು ಕೊಟ್ಟಿದ್ದೆನೇ ಎಂದು ಆಗ ಕೇಳಿಕೊಳ್ಳಲಿಲ್ಲ. ಈ ಅಂಗಡಿಯ ಹುಡುಗನೂ ಅದೇ ಬೆಂಚಿನವನು. ಮರುದಿನ ಬೆಳಿಗ್ಗೆ ಅವನ ಅಂಗಡಿಗೆ ಮತ್ತೆ ಹೋದೆ. ಗಿರಾಕಿಗಳು ಬರುವವರೆಗೂ ಕಾದೆ. ಅವರ ಎದುರಿಗೆ ಆಡಿದ ಮಾತನ್ನು ಅವರಂಥವರ ಎದುರಿಗೇ ಹಿಂತೆಗೆದುಕೊಂಡೆ. “ಬಿಡಿ ಸಾರ್, ಕಾಫಿ ಕುಡೀರಿ” ಎಂದ.