ದಾರಿ ತಪ್ಪಿದ ಕಸ

ಹಾಸನದಿಂದ ಬೆಂಗಳೂರಿಗೆ ಹೊರಟ ಆಲೂಗೆಡ್ಡೆಯ ಲಾರಿಯನ್ನು ನೀವು ಎಷ್ಟೋ ಸಲ ನೋಡಿದ್ದೀರಿ. ಹಾಸನ, ಅರಕಲಗೂಡು ಸೀಮೆಯ ಮಣ್ಣಿನಲ್ಲಿ ಬೆಳೆದ ಗೆಡ್ಡೆ ಚನ್ನರಾಯಪಟ್ಟಣದ ಮೇಲೆ ಹಾದು, ಬೆಳಗಾಗುವುದರೊಳಗೆ ರಾಜಧಾನಿಯ ಮಂಡಿಯನ್ನು ಸೇರುತ್ತದೆ. ಅಲ್ಲಿ ಪಲ್ಯವಾಗುತ್ತದೆ, ಬೋಂಡವಾಗುತ್ತದೆ, ಮಸಾಲೆದೋಸೆಯ ಒಡಲು ಹೊಕ್ಕು ಮೋಕ್ಷ ಪಡೆಯುತ್ತದೆ. ಇಷ್ಟು ಎಲ್ಲರಿಗೂ ಗೊತ್ತು. ಅದರ ಸಿಪ್ಪೆ ಎಲ್ಲಿಗೆ ಹೋಯಿತೆಂದು ಮಾತ್ರ ನಾವು ಯಾರೂ ಕೇಳಿದವರಲ್ಲ. ಇಂದು ನಿಮಗೆ ಹೇಳಹೊರಟಿರುವುದು ಆ ಸಿಪ್ಪೆಯ ಚರಿತ್ರೆ. ರಾಜರ ಚರಿತ್ರೆಯ ಠೀವಿ ಇದಕ್ಕಿಲ್ಲ. ಆದರೆ ಒಂದು ಮಹಾನಗರದ ಹಣೆಬರಹ ಇದರಲ್ಲಿ ಅಡಗಿದೆ.

ನಮ್ಮ ಹಳ್ಳಿಗಳಲ್ಲಿ ಸಿಪ್ಪೆಗೆ ಒಂದು ಮನೆಯಿತ್ತು. ಅದರ ಹೆಸರು ತಿಪ್ಪೆ. ಕೊಟ್ಟಿಗೆಯ ಸಗಣಿ, ಒಲೆಯ ಬೂದಿ, ಅಂಗಳ ಗುಡಿಸಿದ ಕಸ ಎಲ್ಲವೂ ಅಲ್ಲಿ ಬಿದ್ದು, ಮಳೆಗಾಲಕ್ಕೆ ಮುಂಚೆ ಗಾಡಿಯೇರಿ ಹೊಲಕ್ಕೆ ಹೋಗುತ್ತಿದ್ದುವು. ದೀಪಾವಳಿಯಲ್ಲಿ ದೇವರ ಮುಂದೆ ಹಚ್ಚಿದಂತೆಯೇ ತಿಪ್ಪೆಯ ಮೇಲೂ ದೀಪವಿಡುವುದುಂಟು. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಕೂಸನ್ನು ತಿಪ್ಪೆಯ ಮೇಲೆ ಉರುಳಿಸಿ, ‘ತಿಪ್ಪ’ ಎಂದೋ ‘ತಿಪ್ಪಮ್ಮ’ ಎಂದೋ ಹೆಸರಿಡುತ್ತಿದ್ದರು. ತಿಪ್ಪೆಯೆಂದರೆ ಹೊಲಸಲ್ಲ, ಬದುಕಿಸುವ ಜಾಗ ಎಂಬ ನಂಬಿಕೆ ಇದರ ಹಿಂದಿದ್ದಿರಬೇಕು.

ಪಟ್ಟಣದಲ್ಲಿ ತಿಪ್ಪೆಗೆ ಜಾಗವೆಲ್ಲಿ? ಮನೆಗೆ ಮನೆ ಅಂಟಿಕೊಂಡ ಪೇಟೆಯಲ್ಲಿ ಕಸ ಬಾಗಿಲಿನಿಂದ ಬೀದಿಗೆ ಬೀಳುತ್ತದೆ. ಬೀದಿಗೆ ಬಿದ್ದದ್ದು ಯಾರದೂ ಅಲ್ಲ. ಇದರ ಬೆಲೆ ಎಷ್ಟೆಂದು ಬೆಂಗಳೂರು ಮೊದಲು ಕಂಡುಕೊಂಡದ್ದು 1898ರಲ್ಲಿ. ಎರಡು ವರ್ಷಗಳ ಹಿಂದೆ ಮುಂಬಯಿಗೆ ಬಂದಿಳಿದಿದ್ದ ಪ್ಲೇಗು ಆ ವರ್ಷದ ಆಗಸ್ಟಿನಲ್ಲಿ ರೈಲಿನ ದಾರಿ ಹಿಡಿದು ಇಲ್ಲಿಗೂ ಬಂತು. ರೋಗವನ್ನು ತಂದದ್ದು ಕಸವಲ್ಲ, ಇಲಿಯ ಮೈಮೇಲಿನ ಚಿಗಟ. ಸಿಮೋಂದ್ ಎಂಬ ಫ್ರೆಂಚ್ ವೈದ್ಯ ಕರಾಚಿಯಲ್ಲಿ ಇದನ್ನು ಕಂಡುಕೊಂಡದ್ದೂ ಅದೇ 1898ರಲ್ಲಿಯೇ. ಅವನ ಮಾತನ್ನು ಲೋಕ ನಂಬುವುದಕ್ಕೆ ಮಾತ್ರ ಹಲವು ವರ್ಷ ಹಿಡಿಯಿತು. ಆದರೆ ಇಲಿಗೆ ಅನ್ನವಿಕ್ಕಿ ಸಾಕಿದ್ದು ಪೇಟೆಯ ಗಲ್ಲಿಗಳಲ್ಲಿ ಕೊಳೆಯುತ್ತಿದ್ದ ಕಾಳುಕಡ್ಡಿ, ಎಂಜಲು. ಹಳ್ಳಿಯವರು ಇಲಿ ಸತ್ತು ಬಿದ್ದೊಡನೆ ಊರು ತೊರೆದು ಹೊಲದಲ್ಲಿ ಗುಡಿಸಲು ಹಾಕಿಕೊಂಡರು. ಪೇಟೆಯವರಿಗೆ ಹೊಲವಿರಲಿಲ್ಲ. ಸರ್ಕಾರ ಆಗಲೇ ಯೋಚಿಸಿದ್ದ ಬಸವನಗುಡಿ, ಮಲ್ಲೇಶ್ವರದ ಬಡಾವಣೆಗಳನ್ನು ಬೇಗಬೇಗ ಬೆಳೆಸಿತು. ಅಗಲವಾದ ಬೀದಿ, ಗಾಳಿ ಬೆಳಕು, ಎರಡು ಸಾಲು ಮನೆಗಳ ಬೆನ್ನಿಗೆ ಕಿರಿದಾದ ಓಣಿ. ಆ ಹಳೆಯ ಬಡಾವಣೆಗಳಲ್ಲಿ ಈ ಓಣಿಗಳನ್ನು ಈಗಲೂ ಅಲ್ಲಲ್ಲಿ ನೋಡಬಹುದು. ಮನೆಯ ಮುಂದಿನ ಬೀದಿ ಮಾಲೀಕನಿಗೆ, ಹಿಂದಿನ ಓಣಿ ಮಲ ಹೊರುವವನಿಗೆ.

ಊರು ಶುಚಿಯಾಯಿತು, ನಿಜ. ಯಾರ ತಲೆಯ ಮೇಲೆ ಎಂಬ ಪ್ರಶ್ನೆ ಉಳಿಯಿತು. ಕೆಲವೇ ಜಾತಿಗಳ ಬಡವರು, ಅವರಲ್ಲಿ ಅನೇಕರು ತೆಲುಗು ಸೀಮೆಯಿಂದ ಬಂದವರು, ತಲೆಮಾರುಗಟ್ಟಲೆ ಬುಟ್ಟಿ ಹೊತ್ತರು. ಕರ್ನಾಟಕದಲ್ಲಿ ತಲೆಯ ಮೇಲೆ ಮಲ ಹೊರುವುದನ್ನು ನಿಲ್ಲಿಸಹೊರಟವರು, ದೇವರಾಜ ಅರಸರ ಮಂತ್ರಿಮಂಡಲದಲ್ಲಿದ್ದ ಬಿ. ಬಸವಲಿಂಗಪ್ಪನವರು, ಅದೂ 1970ರ ದಶಕದಲ್ಲಿ. ಹಳೆಯ ಕಾಲದ ಬೀದಿಗಳು ಎಷ್ಟು ಚೊಕ್ಕಟವಾಗಿದ್ದುವು ಎಂದು ನಿಟ್ಟುಸಿರು ಬಿಡುವವರು ಈ ಬುಟ್ಟಿಯನ್ನು ಮರೆಯಬಾರದು.

ನಡುವೆ ಒಂದು ಒಳ್ಳೆಯ ಅಧ್ಯಾಯವೂ ಉಂಟು. ಮ್ಯಾಂಚೆಸ್ಟರಿನಲ್ಲಿ ಚರಂಡಿಯ ನೀರನ್ನು ಶುದ್ಧಮಾಡುವ ಹೊಸ ವಿಧಾನಕ್ಕೆ ಕಾರಣರಾದವರಲ್ಲಿ ಒಬ್ಬರಾದ ಗಿಲ್ಬರ್ಟ್ ಫೌಲರ್ ಎಂಬ ವಿಜ್ಞಾನಿ, ಮೊದಲ ಮಹಾಯುದ್ಧದ ಕಾಲಕ್ಕೆ ಬೆಂಗಳೂರಿನ ಟಾಟಾ ವಿಜ್ಞಾನ ಮಂದಿರಕ್ಕೆ ಪ್ರಾಧ್ಯಾಪಕರಾಗಿ ಬಂದರು. ಊರಿನ ಹೊಲಸು ಹೊಲದ ಸಂಪತ್ತು ಎಂಬುದು ಅವರ ದೃಢವಾದ ಮತ. ಅದೇ ಸಂಸ್ಥೆಯಲ್ಲಿ ಮುಂದೆ ಸಿ. ಎನ್. ಆಚಾರ್ಯರು 1939ರ ಸುಮಾರಿಗೆ ಒಂದು ಪದ್ಧತಿಯನ್ನು ರೂಪಿಸಿದರು. ಸುಮಾರು ಮೂರಡಿ ಆಳದ ಕಂದಕ. ಅದರಲ್ಲಿ ಊರಿನ ಕಸದ ಒಂದು ಪದರ, ಮಲದ ಒಂದು ಪದರ, ಹೀಗೆ ತುಂಬಿ ಮೇಲೆ ಮಣ್ಣು ಮುಚ್ಚುವುದು. ಮಗುಚುವ ಶ್ರಮವಿಲ್ಲ, ನೀರು ಹೊಡೆಯುವ ಗೊಡವೆಯಿಲ್ಲ. ಕೆಲವು ತಿಂಗಳು ಕಾದರೆ ಕರಿಯ, ಪುಡಿಪುಡಿಯಾದ ಗೊಬ್ಬರ. ಇಂದಿಗೂ ಕೃಷಿಶಾಸ್ತ್ರದ ಪುಸ್ತಕಗಳಲ್ಲಿ ಇದರ ಹೆಸರು ‘ಬೆಂಗಳೂರು ಪದ್ಧತಿ’. ನೋಡಿ, ತಿಪ್ಪೆಗುಂಡಿಯನ್ನೇ ವಿಜ್ಞಾನ ಪಟ್ಟಣಕ್ಕೆ ಕರೆತಂದಿತು! ಆಲೂಗೆಡ್ಡೆಯ ಸಿಪ್ಪೆ ಮತ್ತೆ ಹೊಲಕ್ಕೆ ಹೋಗುವ ದಾರಿ ತೆರೆಯಿತು. 1975ರಲ್ಲಿ ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮ ಹುಟ್ಟಿದ್ದೂ ಈ ಆಸೆಯಿಂದಲೇ.

ದಾರಿ ಮುಚ್ಚಿದ್ದು ಪ್ಲಾಸ್ಟಿಕ್ಕಿನಿಂದ. ಬಾಳೆಯೆಲೆ, ಮುತ್ತುಗದ ಎಲೆ, ಮಣ್ಣಿನ ಕುಡಿಕೆ ಬೀದಿಗೆ ಬಿದ್ದರೂ ಮಣ್ಣಾಗುತ್ತಿದ್ದುವು. ನಮ್ಮ ಎಸೆಯುವ ಚಟವನ್ನು ಮಣ್ಣು ಕ್ಷಮಿಸುತ್ತಿತ್ತು. ತೆಳ್ಳನೆಯ ಕವರು ಬಂದ ಮೇಲೆ ಚಟ ಉಳಿಯಿತು, ಕ್ಷಮೆ ಹೋಯಿತು. ಕವರು ಬೆರೆತ ಗೊಬ್ಬರವನ್ನು ಯಾವ ರೈತ ತಾನೆ ಹೊಲಕ್ಕೆ ಹಾಕಿಸಿಕೊಂಡಾನು? ಹೊಲ ಬೇಡವೆಂದದ್ದು ಊರಿನಲ್ಲೇ ಉಳಿಯಿತು.

1901ರ ಜನಗಣತಿಯಲ್ಲಿ ಪೇಟೆ, ದಂಡು ಎರಡೂ ಸೇರಿ ಬೆಂಗಳೂರಿನಲ್ಲಿದ್ದವರು ಸುಮಾರು 1,59,000 ಜನ. ಇಂದು ಕೋಟಿಗೂ ಮೇಲೆ. ದಿನಕ್ಕೆ ಸಾವಿರಾರು ಟನ್ ಕಸ. ಬೀದಿಯ ಮೂಲೆಯಲ್ಲಿ ಒಬ್ಬ ಒಂದು ಕವರು ಎಸೆದರೆ ಸಂಜೆಗೆ ಅದು ಗುಡ್ಡೆ; ಗುಡ್ಡೆಗೆ ನಾಯಿ, ನಾಯಿಗೆ ಕಚ್ಚುವ ಕೆಲಸ. ಗಾಳಿಗೆ ಹಾರಿದ್ದು ಚರಂಡಿಗೆ, ಚರಂಡಿಯಿಂದ ರಾಜಕಾಲುವೆಗೆ. ಒಂದು ಕೆರೆಯ ಕೋಡಿಯ ನೀರನ್ನು ಇನ್ನೊಂದು ಕೆರೆಗೆ ಒಯ್ಯುತ್ತಿದ್ದ ಕಾಲುವೆಗಳು ಅವು. ಮೊದಲೇ ಒತ್ತುವರಿಯಿಂದ ಬಡಕಲಾದವುಗಳ ಗಂಟಲಿಗೆ ಕಸವೂ ತುಂಬಿದರೆ ಮಳೆಯ ನೀರು ಮನೆಯೊಳಗೇ ಬರಬೇಕು. 2022ರ ಸೆಪ್ಟೆಂಬರಿನಲ್ಲಿ ದೊಡ್ಡದೊಡ್ಡ ಬಂಗಲೆಗಳವರೂ ದೋಣಿ, ಟ್ರಾಕ್ಟರು ಹತ್ತಿ ಹೊರಬಂದದ್ದನ್ನು ನೀವು ಚಿತ್ರಗಳಲ್ಲಿ ಕಂಡಿದ್ದೀರಿ. ಕೆರೆಗಳ ಗತಿ ಇನ್ನೂ ವಿಚಿತ್ರ. ಚರಂಡಿಯ ನೀರೂ ಕಸವೂ ಸೇರಿದ ಬೆಳ್ಳಂದೂರು ಕೆರೆ ನೊರೆಯುಕ್ಕಿಸಿತು. 2017ರಲ್ಲಿಯೂ 2018ರ ಜನವರಿಯಲ್ಲಿಯೂ ಹೊತ್ತಿ ಉರಿಯಿತು. ಕೆರೆಗೆ ಬಿದ್ದ ಬೆಂಕಿಯನ್ನು ಆರಿಸಲು ಸೈನಿಕರು ಬರಬೇಕಾಯಿತು. ನಮ್ಮ ಅಜ್ಜಂದಿರಿಗೆ ಈ ಮಾತು ಹೇಳಿದ್ದರೆ ಒಗಟೆಂದು ತಿಳಿಯುತ್ತಿದ್ದರು.

ಉಳಿದ ಕಸ ಲಾರಿಯೇರಿ ಹೋಯಿತು, ಎಲ್ಲಿಗೆ? ಹಳ್ಳಿಗೆ. ಹಳ್ಳಿಯಿಂದ ಅನ್ನ ತರಿಸಿಕೊಂಡ ನಗರ ತನ್ನ ಎಂಜಲನ್ನು ಹಳ್ಳಿಗೇ ಕಳುಹಿಸಿತು, ಗೊಬ್ಬರವಾಗಿ ಅಲ್ಲ, ಬೆಟ್ಟವಾಗಿ. ಯಲಹಂಕದ ಕಡೆಯ ಮಾವಳ್ಳಿಪುರ, ಹೊಸಕೋಟೆಯ ದಾರಿಯ ಮಂಡೂರು: ಈ ಎರಡು ಹೆಸರನ್ನು ನೆನಪಿಡಿ. ಬಾವಿಯ ನೀರು ಕೆಟ್ಟಿತು, ನೊಣ ಮುತ್ತಿತು, ವಾಸನೆಗೆ ನೆಂಟರು ಬರುವುದನ್ನು ಬಿಟ್ಟರು. 2012ರಲ್ಲಿ ಮಾವಳ್ಳಿಪುರದ ಬಾಗಿಲು ಮುಚ್ಚಿದಾಗ ಬೆಂಗಳೂರಿನ ಬೀದಿಬೀದಿಗಳಲ್ಲಿ ಕಸ ಕೊಳೆತು ನಾರಿತು. ಆ ವರ್ಷದ ಅಕ್ಟೋಬರಿನಿಂದ ಮನೆಯಲ್ಲಿಯೇ ಹಸಿಕಸ, ಒಣಕಸ ಬೇರೆಮಾಡಬೇಕೆಂಬ ಕಟ್ಟಳೆಯೂ ಬಂತು. ಮಂಡೂರಿನವರು ರಸ್ತೆಗಿಳಿದು ಲಾರಿಗಳನ್ನು ತಡೆದರು. 2014ರ ಕೊನೆಗೆ ಅಲ್ಲಿಗೆ ಕಸ ಹೋಗುವುದು ನಿಂತಿತು. ಲಾರಿ ಬೇರೆ ಹಳ್ಳಿಗಳ ದಾರಿ ಹಿಡಿಯಿತು.

ಇದು ಬೆಂಗಳೂರಿನ ಗೋಳು, ನಮಗೇನು ಎನ್ನುವಿರಾ? 2017ರಿಂದ ಚನ್ನರಾಯಪಟ್ಟಣದ ಮೇಲೆ ಬೆಂಗಳೂರಿಗೆ ನೇರ ರೈಲು ಓಡುತ್ತಿದೆ. ನಮ್ಮ ಪ್ರತಿ ಮನೆಯಿಂದಲೂ ಒಬ್ಬಿಬ್ಬರು ಆ ನಗರದಲ್ಲಿದ್ದಾರೆ, ಅಲ್ಲಿಯ ಬೀದಿಮೂಲೆಗೆ ಎಸೆದ ಕವರುಗಳಲ್ಲಿ ನಮ್ಮವರದೂ ಉಂಟು. ಮತ್ತೆ, ಹೊಳೆನರಸೀಪುರದ ಪಕ್ಕದಲ್ಲಿ ಹರಿಯುವ ಹೇಮಾವತಿ ಎಲ್ಲಿಗೆ ಹೋಗುತ್ತಾಳೆ? ಕೃಷ್ಣರಾಜಸಾಗರದಲ್ಲಿ ಕಾವೇರಿಯನ್ನು ಕೂಡುತ್ತಾಳೆ. ಆ ಕಾವೇರಿಯ ನೀರೇ 1974ರಿಂದ ಬೆಂಗಳೂರಿನ ನಲ್ಲಿಗೆ ಏರುತ್ತಿದೆ. ಪೂಜೆಯ ಹೂವನ್ನು ಕವರಿನ ಸಮೇತ ಸೇತುವೆಯಿಂದ ಹೊಳೆಗೆ ಬಿಡುವ ಭಕ್ತರನ್ನು ನೀವೂ ನೋಡಿದ್ದೀರಿ, ನಾನೂ ನೋಡಿದ್ದೇನೆ. ಕಾಲ ಬದಲಾಗಿದೆ, ಹಾಸನದ ಬೀದಿಗೂ ಅರಕಲಗೂಡಿನ ಸಂತೆಗೂ ಅದೇ ಕವರು ಬಂದಿದೆ.

ಕಳೆದ ದೀಪಾವಳಿಯಲ್ಲಿ ಹೊಳೆನರಸೀಪುರದ ಹತ್ತಿರದ ಒಂದು ಹಳ್ಳಿಯಲ್ಲಿದ್ದೆ. ಮುಸ್ಸಂಜೆಯ ಹೊತ್ತಿಗೆ ಆ ಮನೆಯ ಅಜ್ಜಿ ಹಣತೆ ಹಿಡಿದು ತಿಪ್ಪೆಯ ಬಳಿಗೆ ಬಂದರು. ದೀಪವನ್ನು ಕೆಳಗಿಟ್ಟು, ಬಗ್ಗಿ, ಮೇಲೆ ಬಿದ್ದಿದ್ದ ಹಾಲಿನ ಕವರು, ಬಿಸ್ಕತ್ತಿನ ಕಾಗದ, ಗುಟ್ಕಾದ ಚೀಟಿಗಳನ್ನು ಒಂದೊಂದಾಗಿ ಆಯ್ದು ಸೆರಗಿನಲ್ಲಿ ತುಂಬಿಕೊಂಡರು. ಒಂದು ಬೊಗಸೆಯಷ್ಟು ಜಾಗ ಕಪ್ಪಗೆ ಕಾಣಿಸಿಕೊಂಡ ಮೇಲೆ ಅಲ್ಲಿ ಹಣತೆಯಿಟ್ಟು ಕೈಮುಗಿದರು. ಆಮೇಲೆ ಸೆರಗನ್ನು ಹಿಡಿದುಕೊಂಡೇ ನಿಂತು ನನ್ನನ್ನು ಕೇಳಿದರು: “ಇದನ್ನ ಎಲ್ಲಿ ಹಾಕ್ಲಪ್ಪ?”