ದೊಡ್ಡಿಗೆ ಹೋದ ಹಸು

ನಮ್ಮೂರಿನಿಂದ ಕೆರೆಯ ಏರಿಗೆ ಹೋಗುವ ದಾರಿಯ ಎಡಗಡೆ ಎದೆಯೆತ್ತರದ ಒಂದು ಕಲ್ಲುಗೋಡೆ ಇದೆ. ಮೂರು ಮಗ್ಗುಲು ಹೇಗೋ ನಿಂತಿವೆ. ನಾಲ್ಕನೆಯದು ಬಿದ್ದುಹೋಗಿ ಅದರ ಕಲ್ಲುಗಳು ಯಾರು ಯಾರದೋ ಮನೆಯ ಪಾಯ ಸೇರಿವೆ. ಈಗಿನ ಹುಡುಗರನ್ನು ಕೇಳಿದರೆ ಅದು ಪಾಳೆಯಗಾರರ ಕೋಟೆ ಎನ್ನುತ್ತಾರೆ. ಕೋಟೆಯಲ್ಲ, ಅದು ದನದ ದೊಡ್ಡಿ. ಧಾರವಾಡದ ಕಡೆಯವರು ಇದನ್ನೇ ಕೊಂಡವಾಡ ಎಂದು ಕರೆಯುತ್ತಾರೆ. ಪರರ ಹೊಲಕ್ಕೆ ನುಗ್ಗಿ ಪೈರು ಮೇಯ್ದ ದನವನ್ನು ಹಿಡಿದು ಕೂಡುತ್ತಿದ್ದ ಸೆರೆಮನೆ ಅದು. ಕೋಟೆಗಳ ಚರಿತ್ರೆಯನ್ನು ಬರೆದವರು ಬೇಕಾದಷ್ಟು ಮಂದಿ ಇದ್ದಾರೆ. ದೊಡ್ಡಿಯ ಚರಿತ್ರೆಯನ್ನು ಬರೆಯಬೇಕೆಂದು ಯಾರಿಗೂ ತೋರಿದಂತಿಲ್ಲ. ಆದರೆ ಕೋಟೆಯೊಳಗೆ ಏನು ನಡೆಯಿತೆಂಬುದು ನಮ್ಮ ಹಿರಿಯರಲ್ಲಿ ಅನೇಕರಿಗೆ ತಿಳಿದೇ ಇರಲಿಲ್ಲ. ದೊಡ್ಡಿಯ ಬಾಗಿಲಲ್ಲಿ ನಿಂತು ಅತ್ತವರೋ ಬೈದಾಡಿದವರೋ ಪ್ರತಿ ಮನೆಯಲ್ಲೂ ಇದ್ದರು.

ದನದ ವಿಷಯ ಬಂದರೆ ನಮ್ಮ ಶಾಸನಗಳು ಮೌನವಾಗಿಲ್ಲ. ತುರುಗೋಳಿನಲ್ಲಿ ಕಾದಿ ಮಡಿದವರ ವೀರಗಲ್ಲುಗಳು ಕನ್ನಡನಾಡಿನ ಉದ್ದಗಲಕ್ಕೂ ನಿಂತಿವೆ. ಊರಳಿವು, ಪೆಣ್ಬುಯ್ಯಲ್ ಎಂಬ ಮಾತುಗಳೊಡನೆ ತುರುಗೋಳ್ ಎಂಬುದೂ ಆ ಕಲ್ಲುಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಆದರೆ ಅದು ದೊಡ್ಡ ಮಾತು: ಶತ್ರು ಬಂದ, ಮಂದೆಯನ್ನು ಹೊಡೆದುಕೊಂಡು ಹೋದ, ವೀರನು ಅಡ್ಡಗಟ್ಟಿ ಮಡಿದ, ಅಪ್ಸರೆಯರು ಅವನನ್ನು ಕರೆದೊಯ್ದರು. ಪಕ್ಕದ ಮನೆಯ ತುಡುಗು ಹಸು ರಾತ್ರಿ ಹಗ್ಗ ಬಿಚ್ಚಿಕೊಂಡು ಬಂದು ರಾಗಿಯ ನಾಲ್ಕು ಸಾಲು ತಿಂದುಹೋದರೆ ಯಾರು ತಾನೆ ಕಲ್ಲು ನಿಲ್ಲಿಸುತ್ತಾರೆ? ಅಪ್ಸರೆಯರೂ ಬರುವುದಿಲ್ಲ. ಈ ಸಣ್ಣ ಮಾತಿಗೆ ನಾವು ಶಾಸನವನ್ನು ಬಿಟ್ಟು ಧರ್ಮಶಾಸ್ತ್ರವನ್ನು ನೋಡಬೇಕು.

ಅದಕ್ಕಾಗಿ ದೂರ ಹೋಗಬೇಕಾಗಿಲ್ಲ. ಈಗ ಬೀದರ ಜಿಲ್ಲೆಗೆ ಸೇರಿದ ಬಸವಕಲ್ಯಾಣವೇ ಚಾಲುಕ್ಯರ ಕಲ್ಯಾಣ. ಅಲ್ಲಿ ಆರನೆಯ ವಿಕ್ರಮಾದಿತ್ಯನು (1076-1126) ಆಳುತ್ತಿದ್ದಾಗ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನವನ್ನು ಬರೆದನು. ಆಸ್ತಿಯ ಪಾಲುಪಾರೀಕತ್ತಿನ ಗ್ರಂಥವೆಂದೇ ಅದನ್ನು ನಾವು ಬಲ್ಲೆವು. 1810ರಲ್ಲಿ ಕೋಲ್‌ಬ್ರೂಕ್ ಸಾಹೇಬನು ದಾಯಭಾಗದ ಪ್ರಕರಣವನ್ನಷ್ಟೇ ಇಂಗ್ಲಿಷಿಗೆ ತಂದನು. ನ್ಯಾಯಾಲಯಗಳೂ ಅದನ್ನೇ ಮುಖ್ಯವಾಗಿ ಹಿಡಿದವು. ದನವೂ ದನಗಾಹಿಯೂ ಹೊಲದೊಡೆಯನೂ ಬರುವ ಸ್ವಾಮಿಪಾಲವಿವಾದವೆಂಬ ಪ್ರಕರಣವನ್ನು ಯಾರೂ ಅಷ್ಟಾಗಿ ತಿರುವಲಿಲ್ಲ. ನಾನು ತಿರುವಿದ್ದೂ ಬೇರೆ ಏನನ್ನೋ ಹುಡುಕುತ್ತಿದ್ದಾಗ.

ಅಲ್ಲಿಯ ಲೆಕ್ಕ ಹೀಗಿದೆ. ಎಮ್ಮೆ ಪೈರು ಹಾಳುಮಾಡಿದರೆ ಎಂಟು ಮಾಷ ದಂಡ. ಹಸುವಿಗೆ ಅದರಲ್ಲಿ ಅರ್ಧ. ಆಡು ಕುರಿಗಳಿಗೆ ಅದರಲ್ಲೂ ಅರ್ಧ. ಮೇಯ್ದು ಹೊಟ್ಟೆ ತುಂಬಿಸಿಕೊಂಡು ಅಲ್ಲೇ ಮಲಗಿಬಿಟ್ಟರೆ ದಂಡ ಇಮ್ಮಡಿ. ಹೊಲ ಕಂಡವರಿಗೆ ಈ ಇಮ್ಮಡಿಯ ನ್ಯಾಯವನ್ನು ವಿವರಿಸಬೇಕಾಗಿಲ್ಲ. ದನ ತಿಂದ ಪೈರಿಗಿಂತ ಅದು ಮಲಗಿ ಹೊರಳಿದ ಪೈರು ಹೆಚ್ಚು. ದಂಡ ಅರಸನಿಗೆ ಸಲ್ಲತಕ್ಕದ್ದು. ಅದಲ್ಲದೆ ಎಷ್ಟು ಪೈರು ಹಾಳಾಯಿತೋ ಅಷ್ಟರ ಫಲವನ್ನು ಹೊಲದವನಿಗೆ ಕಟ್ಟಿಕೊಡಬೇಕು. ದಾರಿಯ ಪಕ್ಕದ ಹೊಲ, ಊರ ಹತ್ತಿರದ ಹೊಲ, ಗೋಮಾಳಕ್ಕೆ ತಗುಲಿದ ಹೊಲ, ಇಲ್ಲಿ ದನ ತಾನಾಗಿ ನುಗ್ಗಿದರೆ ತಪ್ಪಿಲ್ಲ. ಬೇಕೆಂದೇ ನುಗ್ಗಿಸಿದವನಿಗೆ ಮಾತ್ರ ಕಳ್ಳನಿಗಾಗುವ ಶಿಕ್ಷೆ. ಮನುವೂ ಇಂಥ ಕಡೆ ಬೇಲಿಯಿಲ್ಲದ ಹೊಲದ ಪೈರು ಹೋದರೆ ದನಗಾಹಿಯನ್ನು ದಂಡಿಸಕೂಡದೆನ್ನುತ್ತಾನೆ. ಬೇಲಿ ಎಂಥದಿರಬೇಕೆಂಬುದನ್ನೂ ಬಿಟ್ಟಿಲ್ಲ: ಒಂಟೆ ಕತ್ತೆತ್ತಿದರೂ ಒಳಗಿನದು ಕಾಣದಷ್ಟು ಎತ್ತರ, ನಾಯಿಯೋ ಹಂದಿಯೋ ಮೂತಿ ತೂರಿಸದಷ್ಟು ಒತ್ತು. ಅಷ್ಟು ಬೇಲಿ ಕಟ್ಟಿದ ರೈತನನ್ನು ನಾನಂತೂ ಕಂಡಿಲ್ಲ.

ಕಳವಿನ ಮಾತು ಬಂದಾಗ ಸ್ಮೃತಿಕಾರನು ಊರನ್ನೇ ಹೊಣೆಮಾಡುತ್ತಾನೆ. ಕಳ್ಳನ ಹೆಜ್ಜೆ ಊರ ಎಲ್ಲೆಯನ್ನು ದಾಟಿರದಿದ್ದರೆ ಆ ಊರೇ ನಷ್ಟವನ್ನು ತುಂಬಬೇಕು; ಜಾಡು ಬೇರೊಂದು ಊರನ್ನು ಹೊಕ್ಕರೆ ಹೊಣೆ ಆ ಊರಿಗೆ; ಕ್ರೋಶದಾಚೆಯ ಬಯಲಿನಲ್ಲಿ ನಡೆದಿದ್ದರೆ ಸುತ್ತಲ ಐದು ಹಳ್ಳಿ ಅಥವಾ ಹತ್ತು ಹಳ್ಳಿ ಸೇರಿ ಕೊಡಬೇಕು. ಹೆಜ್ಜೆ ನೋಡುವ ಈ ವಿದ್ಯೆಯನ್ನು ಊರಿನಲ್ಲಿ ಯಾರಾದರೂ ಬಲ್ಲವರಿರಬೇಕಷ್ಟೆ. ನಮ್ಮ ಹನ್ನೆರಡು ಆಯಗಾರರಲ್ಲಿ ತಳವಾರ, ತೋಟಿ ಎಂಬಿಬ್ಬರು ಬರುತ್ತಾರೆ. 1812ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟಿನ ಮುಂದೆ ಬಂದ ಐದನೆಯ ವರದಿ ಇವರ ಕೆಲಸವನ್ನು ಬೇರ್ಪಡಿಸಿ ಹೇಳುತ್ತದೆ: ಅಪರಾಧಗಳ ಸುಳುವು ಹಿಡಿಯುವುದು, ಊರಿಂದೂರಿಗೆ ಹೋಗುವ ಪ್ರಯಾಣಿಕರಿಗೆ ಬೆಂಗಾವಲಾಗುವುದು ತಳವಾರನದು, ಊರೊಳಗಿದ್ದು ಪೈರು ಕಾಯುವುದು, ಅಳೆಯುವಾಗ ನೆರವಾಗುವುದು ತೋಟಿಯದು. ಸುಗ್ಗಿಯಲ್ಲಿ ಪ್ರತಿ ಕಣದಿಂದ ಅವರಿಗೆ ಆಯ ಸಲ್ಲುತ್ತಿತ್ತು. ಇದನ್ನು ಹೊಗಳುವಾಗ ನಾವು ಒಂದನ್ನು ಮರೆಯುತ್ತೇವೆ. ಊರ ಪೈರನ್ನೆಲ್ಲ ಇರುಳೆಲ್ಲ ಕಾದವನಿಗೆ ಊರೊಳಗಿನ ಬಾವಿಯ ನೀರು ಸಿಕ್ಕುತ್ತಿರಲಿಲ್ಲ. 1961ರ ಶಾಸನದಿಂದ ಮೈಸೂರು ರಾಜ್ಯದಲ್ಲಿ ಈ ವಂಶಪಾರಂಪರ್ಯದ ಗ್ರಾಮ ಹುದ್ದೆಗಳು ರದ್ದಾದವು. ಆದದ್ದು ಒಳ್ಳೆಯದೇ.

ದೊಡ್ಡಿ ಇವರೆಲ್ಲರಿಗಿಂತ ಈಚಿನದು. ಕಂಪನಿ ಸರ್ಕಾರ 1857ರಲ್ಲಿ ಒಂದು ಕಾಯಿದೆ ಮಾಡಿತು. ದಂಗೆಯ ವರ್ಷದಲ್ಲೂ ದನದ ಮೇಲೆ ಗಮನವಿತ್ತೆಂಬುದು ಸೋಜಿಗ. ಅದನ್ನು ತಿದ್ದಿ 1871ರಲ್ಲಿ ಮಾಡಿದ್ದೇ ಬಹುಕಾಲ ನಡೆದ ಕಾಯಿದೆ. ಕರ್ನಾಟಕದ್ದು 1966ರಲ್ಲಿ ಬಂತು. 1871ರ ಕಾಯಿದೆಯ ಪ್ರಕಾರ ಹೊಲದವನು ದನವನ್ನು ಹಿಡಿದು ಇಪ್ಪತ್ತನಾಲ್ಕು ಗಂಟೆಯೊಳಗೆ ದೊಡ್ಡಿಗೆ ಕಳುಹಿಸಬೇಕು. ಬಿಡಿಸಿಕೊಳ್ಳಲು ಜುಲ್ಮಾನೆ: ಆನೆಗೆ ಎರಡು ರೂಪಾಯಿ, ಎಮ್ಮೆಗೆ ಎಂಟಾಣೆ, ಹಸುವಿಗೆ ನಾಲ್ಕಾಣೆ, ಕರುವಿಗೆ ಎರಡಾಣೆ, ಆಡು ಕುರಿಗೆ ಒಂದಾಣೆ. ಮೇವು ನೀರಿನ ಖರ್ಚು ಬೇರೆ. ವಾರದೊಳಗೆ ಯಾರೂ ಬಾರದಿದ್ದರೆ ನೋಟೀಸು, ಮತ್ತೆ ಒಂದು ವಾರ, ಆಮೇಲೆ ಹರಾಜು. ದೊಡ್ಡಿ ಕಾಯುವವನು ಹರಾಜಿನಲ್ಲಿ ಕೊಳ್ಳಕೂಡದೆಂದು ಕಾಯಿದೆ ಸ್ಪಷ್ಟವಾಗಿ ವಿಧಿಸಿದೆ. ಬೇಲಿಯೇ ಎದ್ದು ಹೊಲ ಮೇಯುವ ಸಂಗತಿ ಸಾಹೇಬರಿಗೂ ತಿಳಿದಿತ್ತೆಂದಾಯಿತು.

ಎಮ್ಮೆಗೆ ಎಂಟು ಮಾಷ, ಹಸುವಿಗೆ ನಾಲ್ಕು. ಎಮ್ಮೆಗೆ ಎಂಟಾಣೆ, ಹಸುವಿಗೆ ನಾಲ್ಕು! ಇದನ್ನು ಕಂಡಾಗ ನನಗೆ ಬಹಳ ಸಂತೋಷವಾಯಿತು. ಇದು ಸ್ಮೃತಿಯಿಂದ ಇಳಿದುಬಂದದ್ದೆಂದು ನಾನು ವಾದಿಸುವುದಿಲ್ಲ; ಎಮ್ಮೆಯ ಹೊಟ್ಟೆ ಎಲ್ಲ ಕಾಲದಲ್ಲೂ ದೊಡ್ಡದೇ. ಆದರೆ ಹೋಲಿಕೆ ಅಲ್ಲಿಗೆ ನಿಂತಿತು. ಹೊಸ ಕಾಯಿದೆಯ ಜುಲ್ಮಾನೆ ದೊಡ್ಡಿಯ ವೆಚ್ಚಕ್ಕೂ, ಮಿಕ್ಕದ್ದು ರಸ್ತೆ ಸೇತುವೆಗಳಂಥ ಕಾರ್ಯಗಳಿಗೂ ಸಲ್ಲುತ್ತಿತ್ತು. ಹೊಲದವನಿಗೆ ಅದರಿಂದ ಒಂದು ಹಿಡಿ ಕಾಳೂ ಬರುತ್ತಿರಲಿಲ್ಲ. ಬೇಕಾದರೆ ಅವನು ನ್ಯಾಯಾಲಯದಲ್ಲಿ ಪರಿಹಾರಕ್ಕೆ ಬೇರೆ ದಾವೆ ಹೂಡಬಹುದು; ನಾಲ್ಕು ಸಾಲು ರಾಗಿಗೆ ಯಾರು ವಕೀಲರ ಮನೆ ಹತ್ತುತ್ತಾರೆ? ಹಾಗಾಗಿ ದನ ದೊಡ್ಡಿಗೆ ಹೊಡೆದವನಿಗೆ ದಕ್ಕುತ್ತಿದ್ದುದು ಒಂದೇ, ದನದೊಡೆಯ ದಾರಿಯಲ್ಲಿ ತಲೆತಗ್ಗಿಸಿ ಹೋಗುವುದನ್ನು ನೋಡುವ ಸುಖ. ದೊಡ್ಡಿ ನಮ್ಮ ಹಳ್ಳಿಗಳಲ್ಲಿ ಹಗೆಯ ಸಾಧನವಾದದ್ದು ಇದರಿಂದಲೇ ಎಂದು ನನ್ನ ತಿಳಿವಳಿಕೆ. ಇದನ್ನು ನಾನು ಗ್ರಂಥ ನೋಡಿ ಹೇಳುತ್ತಿಲ್ಲ.

ನನಗೆ ಆಗ ಎಂಟು ಒಂಬತ್ತು ವರ್ಷ, 1980ರ ದಶಕದ ಕೊನೆ. ಗೋಮಾಳದ ಅಂಚಿನಲ್ಲಿ ನಮ್ಮದೊಂದು ರಾಗಿ ಹೊಲವಿತ್ತು. ಒಂದು ಬೆಳಗ್ಗೆ ಕೆಳಗಿನ ಕೇರಿಯ ಮುದುಕಿಯೊಬ್ಬಳ ಹಸು ಅದರಲ್ಲಿ ಸಿಕ್ಕಿಬಿತ್ತು. ಅವಳ ಮಗನಿಗೂ ನಮ್ಮ ಅಜ್ಜನಿಗೂ ಚುನಾವಣೆಯ ಕಾಲದಿಂದ ಮಾತಿರಲಿಲ್ಲ. ಅಜ್ಜ ಹಸುವನ್ನು ತಾವೇ ಹೊಡೆದುಕೊಂಡು ದೊಡ್ಡಿಗೆ ಹೋದರು. ಕೋಲು ಹಿಡಿದು ಹಿಂದೆ ನಡೆದವನು ನಾನು. ಮುದುಕಿ ನಮ್ಮ ಮನೆಯ ಮುಂದೆ ಬಂದು ನಿಂತಳು. “ಈದು ಆರು ದಿನ ಆಗೈತೆ ಯಜಮಾನ್ರೇ, ಕರ ಮನೇಲಿ ಅರಚ್ಕೊಂತೈತೆ” ಎಂದಳು. ಅಜ್ಜ ಜಗಲಿಯ ಮೇಲೆ ಕುಳಿತು ಎಲೆಗೆ ಸುಣ್ಣ ಹಚ್ಚುತ್ತಿದ್ದರು. “ಕಾನೂನು ಐತೆ, ದುಡ್ಡು ಕಟ್ಟಿ ಬಿಡಿಸ್ಕೋ ಹೋಗವ್ವ” ಎಂದರು. ಮಗ ಊರಲ್ಲಿರಲಿಲ್ಲ. ದುಡ್ಡು ಹೊಂದಿಸುವ ವೇಳೆಗೆ ಮಾರನೆಯ ದಿನದ ಮಧ್ಯಾಹ್ನವಾಯಿತು. ರಾತ್ರಿಯೆಲ್ಲ ದೊಡ್ಡಿಯ ಕಡೆಯಿಂದ ಹಸುವಿನ ಕೂಗು ಕೇಳುತ್ತಿತ್ತು. ನಮ್ಮ ಅಜ್ಜಿ ಅಂದು ಊಟಕ್ಕೆ ಏಳಲಿಲ್ಲ. ಕರು ಉಳಿಯಲಿಲ್ಲ.

ಅಜ್ಜ ಕಾನೂನನ್ನು ಎಳ್ಳಷ್ಟೂ ಮೀರಿರಲಿಲ್ಲ. ಕಾಯಿದೆಯಲ್ಲಿ ಆನೆಯ ದರವಿತ್ತು, ಕತ್ತೆಯ ದರವಿತ್ತು. ಆರು ದಿನದ ಬಾಣಂತಿ ಹಸುವಿನ ಮಾತು ಇರಲಿಲ್ಲ. ಕಲ್ಯಾಣದ ಪಂಡಿತನು ವ್ಯಾಖ್ಯಾನ ಬರೆದ ಶ್ಲೋಕಗಳಲ್ಲಿ ಅದು ಇದೆ. ಬೀಜದ ಹೋರಿ, ದೇವರಿಗೆಂದು ಬಿಟ್ಟ ಪಶು, ದಾರಿ ತಪ್ಪಿ ಬಂದ ದನ, ಇವುಗಳ ಜೊತೆಗೆ ಹೊಸದಾಗಿ ಈದ ಹಸುವನ್ನೂ ಬಿಟ್ಟುಬಿಡಬೇಕೆಂದು ಹೇಳಿದೆ. ಮನುವು ಹತ್ತು ದಿನ ಎಂದು ಲೆಕ್ಕವನ್ನೇ ಕೊಟ್ಟಿದ್ದಾನೆ. ಕರುವಿನ ಮೇಲೆ ಜೀವವಿಟ್ಟ ಹಸು ಕಟ್ಟಿದಲ್ಲಿ ನಿಲ್ಲುವುದಿಲ್ಲವೆಂಬುದು ಅವರಿಗೆ ಗೊತ್ತಿತ್ತು. ನಮ್ಮ ಮನೆಯಲ್ಲೂ ಎಲ್ಲರಿಗೂ ಗೊತ್ತಿತ್ತು.

ಇದನ್ನು ಓದಿದ ಮೇಲೆ ಊರಿಗೆ ಹೋದಾಗ, ಆ ಗೋಮಾಳದ ಅಂಚಿನ ಹೊಲಕ್ಕೆ ಆಗ ಬೇಲಿ ಇತ್ತೇ ಎಂದು ನಮ್ಮ ತಂದೆಯವರನ್ನು ಕೇಳಿದೆ.

“ಎಲ್ಲಿ ಬಂತು ಬೇಲಿ?” ಎಂದರು. “ಅದರ ಮುಂದಿನ ವರ್ಷ ನಿಮ್ಮಜ್ಜ ತಾನೇ ನಿಂತು ಕತ್ತಾಳೆ ನೆಡಿಸಿದ್ದು.”