ಸವಳು, ಸೀಗೆ, ಅಂಟುವಾಳ

ಹುಬ್ಬಳ್ಳಿಯ ಬೆಂಗೇರಿ ಎಂದೊಡನೆ ಇಂದಿನ ವಿದ್ಯಾವಂತರಿಗೆ ನೆನಪಾಗುವುದು ರಾಷ್ಟ್ರಧ್ವಜ. 1957ನೆಯ ಇಸವಿಯ ನವೆಂಬರ್ 1ರಂದು ಸ್ಥಾಪಿತವಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವು ಅಲ್ಲಿ ನೆಲೆಸಿದೆ. ಈ ಶತಮಾನದ ಮೊದಲ ದಶಕದಿಂದ ಭಾರತೀಯ ಮಾನಕ ಸಂಸ್ಥೆಯ ಪರವಾನಗಿ ಪಡೆದು ಅಲ್ಲಿ ಧ್ವಜಗಳು ಸಿದ್ಧವಾಗುತ್ತಿವೆ. ನೂಲುವುದು, ನೇಯುವುದು, ಬಿಳುಪು ಮಾಡಿ ಬಣ್ಣವಿಡುವುದು, ಚಕ್ರ ಮುದ್ರಿಸುವುದು, ಹೊಲಿಯುವುದು, ಹಗ್ಗ ಕಟ್ಟುವುದು, ಹೀಗೆ ಆರು ಹಂತಗಳನ್ನು ದಾಟಿದ ಮೇಲೆಯೇ ಬಟ್ಟೆ ಧ್ವಜವೆನಿಸುವುದು. ಆ ಧ್ವಜದ ನಡುವಣ ಪಟ್ಟಿ ಬಿಳಿ. ಆದರೆ ಬಿಳುಪು ಹತ್ತಿಗೆ ಹುಟ್ಟಿನಿಂದ ಬಂದ ಗುಣವಲ್ಲವೆಂಬುದು ಮಗ್ಗದಿಂದ ಇಳಿದ ಹೊಸ ಬಟ್ಟೆಯನ್ನು ಕಂಡವರಿಗೆ ಗೊತ್ತು. ಅದರಲ್ಲಿ ಮೇಣದಂಶವೂ, ನೂಲಿಗೆ ಹಚ್ಚಿದ ಗಂಜಿಯೂ, ಕೈಗಳ ಮಾಸಲೂ ಸೇರಿ ಮಬ್ಬಾದ ಹಳದಿ ಬಣ್ಣವಿರುತ್ತದೆ. ಬೆಂಗೇರಿಯಲ್ಲಿ ಈಗ ಅದನ್ನು ತೊಲಗಿಸುವುದು ಆಧುನಿಕ ಕ್ರಮದಿಂದ. ಕಾರ್ಖಾನೆಯ ರಾಸಾಯನಿಕಗಳು ಬರುವ ಮೊದಲು ಈ ಕೆಲಸ ಹೇಗೆ ನಡೆಯುತ್ತಿತ್ತು, ಅದರ ವೆಚ್ಚವನ್ನು ಯಾರು ತೆರುತ್ತಿದ್ದರು ಎಂಬುದನ್ನು ನಾವು ಇಂದು ವಿಚಾರಿಸಲಿದ್ದೇವೆ.

ಮೊದಲು ಹೇಳಬೇಕಾದದ್ದು ಸವಳುಮಣ್ಣಿನ ಮಾತು. ಬೇಸಗೆಯಲ್ಲಿ ನೆಲದ ತೇವ ಮೇಲೇರಿ ಆರಿದಾಗ ಕೆಲವು ಕಡೆ ಬೂದಿ ಚೆಲ್ಲಿದಂತೆ ಒಂದು ಬಿಳಿಯ ಪೊರೆ ಕಾಣಿಸಿಕೊಳ್ಳುತ್ತದೆ. ಒಕ್ಕಲಿಗನಿಗೆ ಅದು ಶತ್ರು, ಏಕೆಂದರೆ ಅಂತಹ ನೆಲದಲ್ಲಿ ಪೈರು ಏಳದು. ಮಡಿವಾಳನಿಗೆ ಅದೇ ಬಂಡವಾಳ. ಅದರಲ್ಲಿರುವ ಸೋಡಾ ಕ್ಷಾರವು ಬಟ್ಟೆಯ ಜಿಡ್ಡನ್ನು ಕರಗಿಸುತ್ತದೆ. 1800 ಮತ್ತು 1801ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಈ ಸವಳನ್ನು ಹೆಸರಿಸಿ ಬರೆದಿದ್ದಾನೆ. ಚಿತ್ರದುರ್ಗ ಸೀಮೆಯ ಮತ್ತೋಡಿನಲ್ಲಿ ಗಾಜಿನ ಬಳೆ ಮಾಡುವವರೂ ಇದನ್ನೇ ಬಳಸುತ್ತಿದ್ದರು. ಹೆಂಗಸರ ಕೈಯ ಬಳೆಗೂ ಗಂಡಸರ ತಲೆಯ ರುಮಾಲಿನ ಬಿಳುಪಿಗೂ ಮೂಲವಸ್ತು ಒಂದೇ ಆಗಿದ್ದಿತೆಂಬುದು ಸ್ವಾರಸ್ಯದ ಸಂಗತಿ.

ಸವಳನ್ನು ನೀರಿನಲ್ಲಿ ಕದಡಿ, ತಿಳಿಯನ್ನು ಬಸಿದು, ಬಟ್ಟೆಗಳನ್ನು ಅದರಲ್ಲಿ ಅದ್ದಿ ಹಿಂಡುವರು. ಬಳಿಕ ದೊಡ್ಡ ಹಂಡೆಯೊಂದರಲ್ಲಿ ನೀರು ಕಾಯಿಸಿ, ಅದರ ಬಾಯಿಯ ಮೇಲೆ ಬಟ್ಟೆಗಳನ್ನು ಗೋಪುರದಂತೆ ಪೇರಿಸಿ ಹಬೆಯಲ್ಲಿ ಬೇಯಿಸುವರು. ಇದಕ್ಕೆ ಉಬ್ಬೆ ಎಂದು ಹೆಸರು. ಸವಳು ಜಿಡ್ಡನ್ನು ಸಡಿಲಿಸಿದರೆ ಹಬೆ ಅದನ್ನು ನೂಲಿನ ಒಳಗಿನಿಂದ ಹೊರಕ್ಕೆ ತಳ್ಳುತ್ತದೆ, ಕ್ರಿಮಿಗಳೂ ಸಾಯುತ್ತವೆ. ಮರುದಿನ ಮುಂಜಾನೆ ಹಳ್ಳದ ಕಲ್ಲಿನ ಮೇಲೆ ಒಗೆತ. ಬಳಿಕ ಹುಲ್ಲಿನ ಮೇಲೆ ಹರಡಿ ಬಿಸಿಲು ಕಾಯಿಸುವುದು. ಒದ್ದೆಯಾದ ಬಟ್ಟೆಯ ಮೇಲೆ ಸೂರ್ಯನ ಬೆಳಕು ಬಿದ್ದರೆ ಉಳಿದ ಹಳದಿಯೂ ಮಾಸುತ್ತದೆ. ಕೊನೆಗೆ ಸ್ವಲ್ಪ ನೀಲಿ, ಸ್ವಲ್ಪ ಗಂಜಿ. ಮಣ್ಣು, ಸೌದೆ, ನೀರು, ಬಿಸಿಲು. ಇವುಗಳಲ್ಲಿ ಅಂಗಡಿಯಿಂದ ಕೊಂಡದ್ದು ಏನೂ ಇಲ್ಲ. ಸವಳು ಸಿಗದೆಡೆ ಒಲೆಯ ಬೂದಿಯನ್ನು ನೆನೆಯಿಟ್ಟು ಬಸಿದ ತಿಳಿಯೇ ಆ ಕೆಲಸ ಮಾಡುತ್ತಿತ್ತು. ಬೂದಿಯದು ಪೊಟ್ಯಾಷ್, ಸವಳಿನದು ಸೋಡಾ. ಗುಣದಲ್ಲಿ ಎರಡೂ ದಾಯಾದಿಗಳು.

ಆದರೆ ಈ ಕ್ಷಾರ ಹತ್ತಿಗೆ ಮಾತ್ರ ಸಲ್ಲುವಂಥದು. ರೇಷ್ಮೆಯೂ ಉಣ್ಣೆಯೂ ಪ್ರಾಣಿಜನ್ಯ. ಕ್ಷಾರವು ಅವುಗಳ ಎಳೆಯನ್ನೇ ತಿನ್ನುತ್ತದೆ. ನಮ್ಮ ಕಡೆಯ ಇಳಕಲ್ ಸೀರೆಯನ್ನು ನೋಡಿರಿ: ಒಡಲು ಹತ್ತಿಯದಾದರೂ ಸೆರಗು ರೇಷ್ಮೆಯದು. ಸವಳಿಗೆ ಹಾಕಿದರೆ ಸೆರಗು ಕೆಡುವುದು, ಹಾಕದಿದ್ದರೆ ಒಡಲಿನ ಕೊಳೆ ಹೋಗದು. ಇಂತಹ ಸೀರೆಗೆ ನಮ್ಮ ಹಿರಿಯ ಹೆಂಗಸರು ಕಂಡುಕೊಂಡ ಉಪಾಯ ಅಂಟುವಾಳ. ಬೀಜ ತೆಗೆದ ಕಾಯಿಯ ಸಿಪ್ಪೆಯನ್ನು ರಾತ್ರಿ ನೆನೆಯಿಟ್ಟು ಕಿವುಚಿದರೆ ನೊರೆ ಬರುವುದು. ಅದರ ನೊರೆಗೆ ಸಪೋನಿನ್ ಎಂಬ ವಸ್ತುವೇ ಕಾರಣ. ಅದರಲ್ಲಿ ಸವಳಿನ ತೀಕ್ಷ್ಣತೆಯಿಲ್ಲ. ಸಾಬೂನು ಗಡಸುನೀರಿನಲ್ಲಿ ಮೊಸರಿನಂತೆ ಒಡೆದು ಬಟ್ಟೆಗೆ ಅಂಟುತ್ತದೆ, ಅಂಟುವಾಳದ ನೊರೆ ಹಾಗೆ ಒಡೆಯದು. ಕರಿಯ ಮಣ್ಣಿನ ನೆಲದಲ್ಲಿ ಉಪ್ಪುನೀರಿನ ಬಾವಿಗಳನ್ನು ನಂಬಿದ ಜನಕ್ಕೆ ಇದು ಸಣ್ಣ ಉಪಕಾರವಲ್ಲ. ತಲೆಗೆ ಸೀಗೆಯೂ ಇದೇ ಜಾತಿಯ ವಸ್ತು. ಪಾತ್ರೆಗಳ ಮಾತು ಬೇಗ ಮುಗಿಯುವುದು: ಹಿತ್ತಾಳೆ ತಾಮ್ರಗಳ ಕಿಲುಬಿಗೆ ಹುಣಸೆಯ ಹುಳಿ, ಉಜ್ಜಲು ಬೂದಿ ಅಥವಾ ಇಟ್ಟಿಗೆಯ ಪುಡಿ, ನೆಲಕ್ಕೆ ಸಗಣಿಯ ಸಾರಣೆ.

ಹೀಗಿರುವಲ್ಲಿ ಸಾಬೂನು ಬಂದಿತು. ಹೆಸರು ಅರಬ್ಬಿಯಿಂದ ಬಂದುದಾದರೂ ಅಂಗಡಿಗಳಲ್ಲಿ ಅದು ಗಟ್ಟಿಯಾಗಿ ನೆಲೆಯೂರಿದ್ದು ವಿಲಾಯತಿಯ ಹಡಗುಗಳಿಂದ. 1888ರಲ್ಲಿ ಸನ್‌ಲೈಟ್ ಸಾಬೂನಿನ ಪೆಟ್ಟಿಗೆಗಳು ಕಲಕತ್ತೆಯ ಬಂದರಿನಲ್ಲಿ ಇಳಿದವು. ನಮ್ಮಲ್ಲಿ ಮೊದಲ ಮಹಾಯುದ್ಧದಿಂದ ಗಂಧದ ಮರದ ರಫ್ತು ನಿಂತುದರಿಂದ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ 1916ರಲ್ಲಿ ಬೆಂಗಳೂರಿನಲ್ಲಿ ಗಂಧದೆಣ್ಣೆಯ ಕಾರ್ಖಾನೆಯೂ, 1918ರಲ್ಲಿ ಸರ್ಕಾರಿ ಸಾಬೂನಿನ ಕಾರ್ಖಾನೆಯೂ ಹುಟ್ಟಿದವು. 1959ರಲ್ಲಿ ಸರ್ಫ್, 1969ರಲ್ಲಿ ನಿರ್ಮಾ ಪುಡಿಗಳು ಬಂದಮೇಲೆ ಉಬ್ಬೆಯ ಹಂಡೆಗಳು ಕ್ರಮೇಣ ಆರಿದವು.

ಹಳೆಯದನ್ನು ಹೊಗಳುವವರು ಇಲ್ಲಿಯೇ ಮಾತು ನಿಲ್ಲಿಸಿ, ಎಷ್ಟು ಅಗ್ಗ, ಎಷ್ಟು ಪ್ರಕೃತಿಸಹಜ ಎಂದು ನಿಟ್ಟುಸಿರು ಬಿಡುತ್ತಾರೆ. ನಮಗೆ ಆ ಅಗ್ಗದ ಲೆಕ್ಕ ಪೂರ್ತಿಯಾಗಿ ಒಪ್ಪಿಗೆಯಾಗದು. ಹಳ್ಳಿಯ ಆಯಗಾರರಲ್ಲಿ ಅಗಸನೊಬ್ಬ. ವರ್ಷವಿಡೀ ಊರಿನ ಬಟ್ಟೆ ಒಗೆದು, ಸುಗ್ಗಿಯಲ್ಲಿ ಕಣದ ಬಳಿ ನಿಂತು ಅವನು ಪಡೆಯುತ್ತಿದ್ದುದು ಕಾಳಿನ ಒಂದು ಪಾಲು. ಬಾಣಂತಿಯ ಬಟ್ಟೆ, ಸಾವಿನ ಮನೆಯ ಬಟ್ಟೆ ಅವನ ಮನೆಗೇ ಹೋಗುತ್ತಿದ್ದವು. ಊರಿಗೆ ಮಡಿ ಮಾಡಿಕೊಡುವವನನ್ನು ಊರು ಮೈಲಿಗೆಯ ಕಡೆಗೆ ನಿಲ್ಲಿಸಿದ್ದಿತು. ಕ್ಷಾರದಲ್ಲಿ ಬಿರಿದ ಕೈಯ ಬೆಲೆ ಯಾವ ಮನೆಯ ಲೆಕ್ಕದ ಪುಸ್ತಕದಲ್ಲಿಯೂ ಸೇರಲಿಲ್ಲ. ಹನ್ನೆರಡನೆಯ ಶತಮಾನದ ಮಡಿವಾಳ ಮಾಚಿದೇವನ ಸುತ್ತ ಬೆಳೆದ ಕಥೆಗಳಲ್ಲಿ ಈ ಕಾಯಕವು ತಲೆಯೆತ್ತಿ ನಿಂತುದನ್ನು ಕಾಣುತ್ತೇವೆ. ಶರಣರ ಬಟ್ಟೆಯ ಗಂಟನ್ನು ಹೊತ್ತು ಬರುವ ಆತನ ದಾರಿಗೆ ಯಾರೂ ಅಡ್ಡ ಬರಬಾರದಾಗಿತ್ತಂತೆ. ಆ ಅಭಿಮಾನವನ್ನು ಸಮಾಜವು ಕಥೆಯಲ್ಲಿ ಒಪ್ಪಿಕೊಂಡಷ್ಟು ಸುಲಭವಾಗಿ ಕಣದಲ್ಲಿ ಒಪ್ಪಿಕೊಳ್ಳಲಿಲ್ಲ.

ಹೊಸದೂ ಲೆಕ್ಕ ತಪ್ಪಿಸಿದೆ. ಬೆಂಗಳೂರಿನ ಬೆಳ್ಳಂದೂರು ಕೆರೆಯಲ್ಲಿ 2015ರಲ್ಲಿ ನೊರೆ ಎದ್ದು ಬೀದಿಗೆ ಹಾರಿತು, ಅದರಲ್ಲಿ ಬೆಂಕಿಯೂ ಕಾಣಿಸಿತು. ಶುದ್ಧಿಗೊಳಿಸದೆ ಹರಿಯಬಿಟ್ಟ ನಗರದ ಕೊಳಚೆಯಲ್ಲಿ ನಮ್ಮೆಲ್ಲರ ಒಗೆತದ ಪುಡಿಯೂ ಸೇರಿತ್ತು. ಹಾಗೆಂದು ಅಂಟುವಾಳವನ್ನು ನಿರಪಾಯವೆನ್ನುವಂತೆಯೂ ಇಲ್ಲ: ಸಪೋನಿನ್ ಮೀನಿಗೆ ವಿಷ, ಕಣ್ಣಿಗೆ ಬಿದ್ದರೆ ಉರಿ. ನಾವೂ ಒಮ್ಮೆ ಉತ್ಸಾಹದಿಂದ ಮನೆಯ ಸೀರೆಗಳನ್ನು ಅಂಟುವಾಳದಲ್ಲಿ ತೊಳೆಯಿಸಿ ನೋಡಿದೆವು. ರೇಷ್ಮೆ ಚೆನ್ನಾಗಿ ಬಂದಿತು. ನಮ್ಮ ಬಿಳಿಯ ಧೋತರ ಮಾತ್ರ ತೆಳುವಾದ ಕಂದು ಬಣ್ಣ ತಳೆದು, ನಾವು ಅದನ್ನುಟ್ಟು ಕಾಲೇಜಿಗೆ ಹೋಗುವ ಧೈರ್ಯ ಮಾಡಲಿಲ್ಲ.

2021ರ ಡಿಸೆಂಬರ್ 30ರಂದು ಧ್ವಜಸಂಹಿತೆ ತಿದ್ದುಪಡಿಯಾಗಿ ಯಂತ್ರದಲ್ಲಿ ನೇಯ್ದ ಪಾಲಿಯೆಸ್ಟರ್ ಧ್ವಜಕ್ಕೂ ಅನುಮತಿ ದೊರೆಯಿತು. ಬೆಂಗೇರಿಯ ಸಂಘ ಅದನ್ನು ಪ್ರತಿಭಟಿಸಿತು. ಪಾಲಿಯೆಸ್ಟರಿಗೆ ಹತ್ತಿಯ ಮಬ್ಬು ಹಳದಿಯಿಲ್ಲ, ಉಬ್ಬೆಯೂ ಬೇಡ. ನೂಲುವ ಕೈಯೂ ಬೇಡ.

ನಮ್ಮ ಮನೆಯ ಹಳೆಯ ಪೆಟ್ಟಿಗೆಯಲ್ಲಿ ಅಜ್ಜನವರ ಒಂದು ಪಂಚೆ ಉಳಿದಿದೆ. ಅದರ ಮೂಲೆಯಲ್ಲಿ ಮೂರು ಚುಕ್ಕೆ, ಒಂದು ಅಡ್ಡಗೆರೆ. ಕರಿಗೇರಿನ ರಸಕ್ಕೆ ಸುಣ್ಣ ಕೂಡಿಸಿ ಅಗಸನು ಇಟ್ಟ ಗುರುತು ಅದು; ಯಾವ ಸವಳಿಗೂ ಹೋಗದು. ನೂರು ಮನೆಗಳ ಬಟ್ಟೆಯಲ್ಲಿ ನಮ್ಮದನ್ನು ಅವನು ಅದರಿಂದಲೇ ಆರಿಸುತ್ತಿದ್ದನು. ಆ ಲಿಪಿಯನ್ನು ಓದಬಲ್ಲವರು ಈಗ ನಮ್ಮ ಮನೆಯಲ್ಲಿ ಯಾರೂ ಇಲ್ಲ.